ಹಳೆ ಹಾರ್ವೆಸ್ಟರ್ ಕೊಳ್ಳುವ ಮುಂಚೆ ಡ್ರಮ್ ಬಿಚ್ಚಿಸಿ ನೋಡಿ: ನಮ್ಮ ಪೀಕಿಗೆ ಯಾವ ರೋಟರ್?

ಹಳೆ ಹಾರ್ವೆಸ್ಟರ್ ನೋಡಲು ಹೋದವರು ಸಾಮಾನ್ಯವಾಗಿ ಎಂಜಿನ್ ಚಾಲೂ ಮಾಡಿಸಿ ಹೊಗೆ ನೋಡುತ್ತಾರೆ, ಟೈರ್ ಒದ್ದು ನೋಡುತ್ತಾರೆ, ಬಣ್ಣ ನೋಡುತ್ತಾರೆ. ಎಂಜಿನ್ ಕೆಟ್ಟರೆ ಹುಬ್ಬಳ್ಳಿಯಲ್ಲಿ ರಿಪೇರಿ ಮಾಡುವವರು ಬೇಕಾದಷ್ಟು ಜನ ಸಿಗುತ್ತಾರೆ. ಆದರೆ ಕಾಳು ಬಿಡಿಸುವ ಡ್ರಮ್ ನಿಮ್ಮ ಪೀಕಿಗೆ ಒಗ್ಗದ ಜಾತಿಯದಾದರೆ ಯಾವ ಮೆಕ್ಯಾನಿಕ್ಕೂ ಅದನ್ನು ಸರಿಮಾಡಲಾರ. ಆ ಮಷೀನು ನಿಮ್ಮ ಕೈಯಲ್ಲಿರುವಷ್ಟು ವರ್ಷ ಕಾಳು ಒಡೆಯುತ್ತದೆ, ಇಲ್ಲವೇ ಹೊಟ್ಟಿನ ಜೊತೆ ಕಾಳನ್ನು ಹೊಲಕ್ಕೆ ಚೆಲ್ಲುತ್ತದೆ. ಹಾಗಾಗಿ ಈ ಲೇಖನದಲ್ಲಿ ಎಂಜಿನ್, ಗೇರ್‌ಬಾಕ್ಸ್, ಹೈಡ್ರಾಲಿಕ್ ವಿಷಯ ಬದಿಗಿಟ್ಟು ಡ್ರಮ್ಮಿನ ವಿಷಯವನ್ನೇ ಹಿಡಿದಿದ್ದೇನೆ.

ಮೊದಲು ಪೀಕಿನ ಪಟ್ಟಿ, ಆಮೇಲೆ ಮಷೀನು

"ಸಾಹೇಬ್ರ, ಇದು ಎಲ್ಲಾ ಪೀಕಿಗೂ ನಡೀತೈತ್ರಿ" ಎಂದು ಮಾರುವವರು ಹೇಳಿಯೇ ಹೇಳುತ್ತಾರೆ. ನಡೆಯುವುದು ನಿಜ. ಹೇಗೆ ನಡೆಯುತ್ತದೆ ಎನ್ನುವುದು ಬೇರೆ ಮಾತು. ಅದಕ್ಕೇ ಹೊರಡುವ ಮೊದಲು ಒಂದು ಹಾಳೆಯ ಮೇಲೆ, ನಿಮ್ಮ ಹೊಲ ಮತ್ತು ಬಾಡಿಗೆಗೆ ಹೋಗುವ ಊರುಗಳನ್ನು ಸೇರಿಸಿ, ಯಾವ ಪೀಕಿಗೆ ವರ್ಷಕ್ಕೆ ಎಷ್ಟು ದಿನ ಮಷೀನು ಓಡುತ್ತದೆ ಎಂದು ಬರೆದುಕೊಳ್ಳಿ.

ಧಾರವಾಡ, ಹಾವೇರಿ, ಗದಗ, ನಮ್ಮ ಈ ಮೂರು ಜಿಲ್ಲೆಗಳಲ್ಲೇ ಈ ಹಾಳೆ ಒಬ್ಬೊಬ್ಬರದು ಒಂದೊಂದು ತರಹ ಇರುತ್ತದೆ. ರಾಣೆಬೆನ್ನೂರು, ಹಾವೇರಿ, ಸವಣೂರು ಕಡೆಯವರಿಗೆ ಗೋವಿನಜೋಳವೇ ಮುಖ್ಯ. ಹಾನಗಲ್ಲ, ಕಲಘಟಗಿ, ಅಳ್ನಾವರ ಕಡೆ ಭತ್ತ ಬರುತ್ತದೆ. ಧಾರವಾಡ, ಕಲಘಟಗಿ ಸುತ್ತ ಸೋಯಾಬೀನ್ ಸೇರುತ್ತದೆ. ನವಲಗುಂದ, ಅಣ್ಣಿಗೇರಿ, ನರಗುಂದ, ರೋಣ, ಗದಗದ ಎರೆ ಹೊಲಗಳಲ್ಲಿ ಮುಂಗಾರಿಗೆ ಹೆಸರು, ಹಿಂಗಾರಿಗೆ ಕಡಲೆ, ಅಲ್ಲಲ್ಲಿ ಗೋಧಿ, ಕುಸುಬೆ. ಬಿಳಿಜೋಳ ಬೆಳೆಯುವ ಮನೆಗಳಲ್ಲಿ ಕಣಿಕೆಗೆ, ಅಂದರೆ ದನಕ್ಕೆ ಹಾಕುವ ಒಣ ದಂಟಿಗೆ, ಕಾಳಿನಷ್ಟೇ ಬೆಲೆ ಇರುವುದರಿಂದ ಹಾರ್ವೆಸ್ಟರ್‌ಗೆ ಅಲ್ಲಿ ಕೆಲಸ ಕಡಿಮೆ. ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಅರ್ಧಕ್ಕಿಂತ ಹೆಚ್ಚು ದಿನ ಯಾವ ಪೀಕು ತಿನ್ನುತ್ತದೋ ಆ ಪೀಕೇ ನಿಮ್ಮ ಡ್ರಮ್ಮನ್ನು ನಿರ್ಧರಿಸಬೇಕು. ಉಳಿದ ಪೀಕುಗಳಿಗೆ ಹೊಂದಿಸಿಕೊಂಡು ಹೋಗುವುದು.

ಡ್ರಮ್ಮಿನ ಜಾತಿಗಳು

ನಮ್ಮ ಕಡೆಯ ಹಳೆ ಮಷೀನುಗಳಲ್ಲಿ ಹೆಚ್ಚಾಗಿ ಮೂರು ಬಗೆ ಸಿಗುತ್ತವೆ.

ಮೊದಲನೆಯದು ಅಡ್ಡ ಡ್ರಮ್ಮು, ಅದರ ಹಿಂದೆ ಸ್ಟ್ರಾ ವಾಕರ್. ಪಂಜಾಬಿನಲ್ಲಿ ತಯಾರಾಗುವ ಪ್ರೀತ್, ಕರ್ತಾರ್, ದಶಮೇಶ್ ಮುಂತಾದ ದೊಡ್ಡ ಗಾಲಿ ಮಷೀನುಗಳಲ್ಲಿ ಸಾಮಾನ್ಯವಾಗಿ ಕಾಣುವುದು ಇದೇ. ಡ್ರಮ್ಮಿನ ಮೈಮೇಲೆ ಓರೆ ಗೀರುಗಳಿರುವ ಉಕ್ಕಿನ ಪಟ್ಟಿಗಳಿರುತ್ತವೆ. ಅವೇ ರ‍್ಯಾಸ್ಪ್ ಬಾರ್. ಕೆಳಗೆ ಕಮಾನಿನಂತೆ ಬಾಗಿದ ಜಾಲರಿ, ಅಂದರೆ ಕಾನ್‌ಕೇವ್. ಪೀಕು ಈ ಎರಡರ ನಡುವೆ ಒಂದೇ ಸಲ, ಕಣ್ಣು ಮಿಟುಕಿಸುವುದರೊಳಗೆ ಹಾದು ಹೋಗುತ್ತದೆ. ಅಷ್ಟರಲ್ಲಿ ಬಡಿತಕ್ಕೆ ಬಿಟ್ಟ ಕಾಳು ಜಾಲರಿಯಿಂದ ಇಳಿಯುತ್ತದೆ. ಇಳಿಯದೆ ಹುಲ್ಲಿನ ಜೊತೆ ಹೋದ ಕಾಳನ್ನು ಸ್ಟ್ರಾ ವಾಕರ್ ಜಾಡಿಸಿ ಜಾಡಿಸಿ ಕೆಳಗೆ ಬೀಳಿಸಬೇಕು. ಹುಲ್ಲು ಉದ್ದಕ್ಕೇ ಉಳಿಯುತ್ತದೆ, ಡೀಸೆಲ್ ಕಡಿಮೆ ಸಾಕು, ಬಿಚ್ಚಿ ಕಟ್ಟುವುದು ಸುಲಭ, ಬಿಡಿಭಾಗ ಸಿಗುವುದೂ ಸುಲಭ. ಕೊರತೆ ಎಂದರೆ, ಕೆಲಸವೆಲ್ಲ ಬಡಿತದಿಂದಲೇ ಆಗಬೇಕು. ವೇಗ ಒಂದಿಷ್ಟು ಹೆಚ್ಚಾದರೆ ಕಾಳು ಒಡೆಯುತ್ತದೆ, ಕಡಿಮೆಯಾದರೆ ಕಾಳು ಬಿಡುವುದಿಲ್ಲ. ಪೀಕು ದಟ್ಟವಾಗಿದ್ದು ಡ್ರೈವರ್ ಅವಸರ ಮಾಡಿದರೆ ವಾಕರ್ ಮೇಲೆ ಹುಲ್ಲು ಗುಡ್ಡೆಯಾಗಿ ಕಾಳು ಹಿಂದೆ ಸುರಿಯುತ್ತದೆ.

ಎರಡನೆಯದು ಹಲ್ಲಿನ ಡ್ರಮ್ಮು. ಪಟ್ಟಿಯ ಬದಲು ಬೆರಳಿನಂತಹ ಗೂಟಗಳು. ಭತ್ತಕ್ಕೆ ಹೇಳಿ ಮಾಡಿಸಿದ್ದು, ಯಾಕೆಂದರೆ ಹಸಿ ಹುಲ್ಲಿನ ಸಿವುಡನ್ನು ಹಲ್ಲು ಎಳೆದು ಬಿಡಿಸುತ್ತದೆ. ಕಡಲೆ, ಸೋಯಾಬೀನ್‌ನಂತಹ ದ್ವಿದಳ ಕಾಳು ಒಣಗಿದಾಗ ಈ ಹಲ್ಲಿಗೆ ಸಿಕ್ಕರೆ ಬೇಳೆಯಾಗಿ ಸೀಳುವ ಅಪಾಯ ಹೆಚ್ಚು. ಕೆಲವು ಅಡ್ಡ ಡ್ರಮ್ಮಿನ ಮಷೀನುಗಳಿಗೆ ಭತ್ತದ ಹಂಗಾಮಿಗೆ ಈ ಡ್ರಮ್ ಹಾಕಿ, ಆಮೇಲೆ ರ‍್ಯಾಸ್ಪ್ ಬಾರ್‌ಗೆ ಬದಲಿಸುವ ಅನುಕೂಲ ಇರುತ್ತದೆ. ಮಾರುವವರ ಹತ್ತಿರ ಇನ್ನೊಂದು ಡ್ರಮ್ ಮತ್ತು ಅದಕ್ಕೆ ಜೋಡಿಯಾದ ಕಾನ್‌ಕೇವ್ ಇದೆಯೇ ಎಂದು ಕೇಳಲೇಬೇಕು.

ಮೂರನೆಯದು ಆಕ್ಸಿಯಲ್ ರೋಟರ್. ಇಲ್ಲಿ ಪೀಕು ರೋಟರ್ ಸುತ್ತ ಸುರುಳಿಯಾಗಿ ಹಲವು ಸುತ್ತು ಸುತ್ತುತ್ತಾ ಒಂದು ತುದಿಯಿಂದ ಇನ್ನೊಂದು ತುದಿಗೆ ಸಾಗುತ್ತದೆ. ಬಡಿತಕ್ಕಿಂತ ಉಜ್ಜುವಿಕೆ ಹೆಚ್ಚು. ತೆನೆಯನ್ನು ಎರಡು ಅಂಗೈ ನಡುವೆ ತಿಕ್ಕಿ ಕಾಳು ಬಿಡಿಸಿದ ಹಾಗೆ. ಸುತ್ತುವ ರಭಸಕ್ಕೆ ಕಾಳು ಹೊರಕ್ಕೆ ಚಿಮ್ಮಿ ಜಾಲರಿಯಿಂದ ಇಳಿಯುವುದರಿಂದ ಸ್ಟ್ರಾ ವಾಕರ್ ಬೇಕಾಗುವುದಿಲ್ಲ. ಅಮೆರಿಕದಲ್ಲಿ 1975ರಲ್ಲಿ ನ್ಯೂ ಹಾಲೆಂಡ್ ಎರಡು ರೋಟರ್‌ಗಳ ಮಷೀನನ್ನೂ 1977ರಲ್ಲಿ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಒಂದೇ ದೊಡ್ಡ ರೋಟರ್‌ನ ಮಷೀನನ್ನೂ ಮಾರುಕಟ್ಟೆಗೆ ತಂದವು. ಅಲ್ಲಿನ ಗೋವಿನಜೋಳ, ಸೋಯಾಬೀನ್ ಬೆಳೆಗಾರರು ಅದನ್ನು ಒಪ್ಪಿಕೊಂಡದ್ದು ಕಾಳು ಕಡಿಮೆ ಒಡೆಯುತ್ತದೆ ಎಂಬ ಕಾರಣಕ್ಕೆ. ನಮ್ಮಲ್ಲಿ ಈ ತತ್ವ ಹೆಚ್ಚಾಗಿ ಕಾಣುವುದು ಗಾಲಿಯ ಬದಲು ಪಟ್ಟಾ ಮೇಲೆ ಓಡುವ ಚೈನ್ ಮಷೀನುಗಳಲ್ಲಿ. ಕುಬೋಟಾದಂತಹ ಭತ್ತದ ಮಷೀನಿನಲ್ಲಿ ರೋಟರ್‌ಗೆ ಹಲ್ಲುಗಳಿರುತ್ತವೆ. ಕ್ಲಾಸ್ ಕ್ರಾಪ್ ಟೈಗರ್‌ನಲ್ಲಿ ಮುಂದೆ ಅಡ್ಡ ಡ್ರಮ್ಮು, ಹಿಂದೆ ಆಕ್ಸಿಯಲ್ ರೋಟರ್, ಹೀಗೆ ಎರಡೂ ಇವೆ.

ಇಲ್ಲಿ ಬಹಳ ಜನ ಎಡವುತ್ತಾರೆ. "ಆಕ್ಸಿಯಲ್" ಎಂದ ಕೂಡಲೇ ಕಾಳು ಒಡೆಯುವುದಿಲ್ಲ ಎಂದುಕೊಳ್ಳಬೇಡಿ. ರೋಟರ್ ಮೈಮೇಲೆ ಏನಿದೆ ಎನ್ನುವುದೂ ಅಷ್ಟೇ ಮುಖ್ಯ. ರ‍್ಯಾಸ್ಪ್ ಬಾರ್ ತುಂಡುಗಳಿರುವ ಆಕ್ಸಿಯಲ್ ರೋಟರ್ ಕಡಲೆಗೆ ಮೃದು. ಬರೀ ಹಲ್ಲುಗಳಿರುವ ಆಕ್ಸಿಯಲ್ ರೋಟರನ್ನು ಭತ್ತದ ವೇಗದಲ್ಲೇ ಓಡಿಸಿದರೆ ಕಡಲೆ ಸೀಳುತ್ತದೆ. ಒಂದೇ ಕಂಪನಿಯ ಬೇರೆ ಬೇರೆ ಮಾಡೆಲ್‌ಗಳಲ್ಲಿ ಬೇರೆ ಬೇರೆ ರೋಟರ್ ಇರಬಹುದು. ಹೆಸರು ಕೇಳಿ ನಂಬದೆ ಮುಚ್ಚಳ ತೆಗೆಸಿ ಕಣ್ಣಾರೆ ನೋಡಿ.

ಆಕ್ಸಿಯಲ್‌ಗೂ ಅದರದೇ ಕಷ್ಟಗಳಿವೆ. ಎಂಜಿನ್ ಶಕ್ತಿ ಹೆಚ್ಚು ಬೇಡುತ್ತದೆ. ಹಸಿ ಕಳೆ, ಬಳ್ಳಿ, ಅರೆಹಸಿ ದಂಟು ಬಂದರೆ ಹಗ್ಗ ಹೊಸೆದಂತೆ ಸುತ್ತಿಕೊಂಡು ಗುಡುಗುಡು ಸದ್ದು ಮಾಡುತ್ತದೆ. ತೀರ ಒಣಗಿದ ಹುಲ್ಲನ್ನು ಪುಡಿ ಮಾಡುವುದರಿಂದ ಜರಡಿ ಮೇಲೆ ಹೊಟ್ಟಿನ ಭಾರ ಬೀಳುತ್ತದೆ. ಭತ್ತದ ಹುಲ್ಲು ದನಕ್ಕೆ ಉದ್ದಕ್ಕೇ ಬೇಕು ಎನ್ನುವ ಹಾನಗಲ್ಲ ಕಡೆಯ ರೈತರು ಇದನ್ನು ನೋಡಿ ಮುಖ ಸಿಂಡರಿಸುತ್ತಾರೆ.

ಹಾಗಾದರೆ ಯಾವುದು? ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಗೋವಿನಜೋಳ ಮತ್ತು ಕಡಲೆಯೇ ಹೆಚ್ಚು ಎನ್ನುವವರಿಗೆ, ವೇಗ ಚೆನ್ನಾಗಿ ಇಳಿಸಲು ಬರುವ ರ‍್ಯಾಸ್ಪ್ ಬಾರ್ ಡ್ರಮ್ಮಿನ ಗಾಲಿ ಮಷೀನು ಸಾಕು. ಹಳೆಯದರಲ್ಲಿ ರಿಪೇರಿಗೂ ಅದೇ ಅಗ್ಗ. ಸೋಯಾಬೀನ್ ಅಥವಾ ಕಡಲೆಯನ್ನು ಬೀಜಕ್ಕೆ ಕೊಡುವವರಿದ್ದರೆ, ಮೊಳಕೆ ಕೆಡಬಾರದು ಎಂಬ ಒಂದೇ ಕಾರಣಕ್ಕೆ, ರ‍್ಯಾಸ್ಪ್ ಬಾರ್ ಇರುವ ಆಕ್ಸಿಯಲ್ ಹುಡುಕುವ ಶ್ರಮ ಸಾರ್ಥಕ. ಭತ್ತವೇ ಮುಖ್ಯ, ಗದ್ದೆ ಕೆಸರು ಎನ್ನುವವರು ಹಲ್ಲಿನ ರೋಟರ್‌ನ ಚೈನ್ ಮಷೀನು ನೋಡಿ; ಆದರೆ ಅದನ್ನೇ ಹಿಂಗಾರಿಗೆ ಗದಗದ ಕಡಲೆಗೆ ಕಳಿಸಿ ದುಡಿಯುತ್ತೇನೆ ಎಂಬ ಲೆಕ್ಕ ಹಾಕಿ ಸಾಲ ಮಾಡಬೇಡಿ.

ವೇಗ ಎಷ್ಟು ಇಳಿಯುತ್ತದೆ?

ಕಾಳು ಒಡೆಯುವುದು ಡ್ರಮ್ಮಿನ ತುದಿ ಎಷ್ಟು ವೇಗವಾಗಿ ಕಾಳಿಗೆ ಬಡಿಯುತ್ತದೆ ಎಂಬುದರ ಮೇಲೆ. ಆರ್‌ಪಿಎಂ ಒಂದನ್ನೇ ನೋಡಿದರೆ ಸಾಲದು, ಡ್ರಮ್ಮಿನ ಅಡ್ಡಳತೆಯೂ ಬೇಕು. ಲೆಕ್ಕ ಸುಲಭ: ಅಡ್ಡಳತೆಯನ್ನು ಮೀಟರ್‌ನಲ್ಲಿ ತೆಗೆದುಕೊಂಡು 3.14ರಿಂದ ಗುಣಿಸಿ, ಆರ್‌ಪಿಎಂನಿಂದ ಗುಣಿಸಿ, 60ರಿಂದ ಭಾಗಿಸಿ. 60 ಸೆಂ.ಮೀ. ಡ್ರಮ್ 500 ಆರ್‌ಪಿಎಂನಲ್ಲಿ ತಿರುಗಿದರೆ ತುದಿಯ ವೇಗ ಸೆಕೆಂಡಿಗೆ 15.7 ಮೀಟರ್. 1000 ಆರ್‌ಪಿಎಂ ಆದರೆ 31.4 ಮೀಟರ್.

ಗೋಧಿಗೆ ಸೆಕೆಂಡಿಗೆ 28–30 ಮೀಟರ್ ಬೇಕಾಗುತ್ತದೆ. ಗೋವಿನಜೋಳ, ಕಡಲೆ, ಸೋಯಾಬೀನ್‌ಗೆ 12ರಿಂದ 16ರ ಆಸುಪಾಸು ಇರಬೇಕು. ಅಂದರೆ 60 ಸೆಂ.ಮೀ. ಡ್ರಮ್ 400–500 ಆರ್‌ಪಿಎಂಗೆ ಇಳಿಯಲೇಬೇಕು. ಗೋಧಿ, ಭತ್ತಕ್ಕೆಂದೇ ಓಡಿದ ಮಷೀನಿನಲ್ಲಿ ಇಷ್ಟು ಇಳಿಸುವ ಪುಲ್ಲಿಯಾಗಲಿ ವೇರಿಯೇಟರ್ (ಡ್ರಮ್ಮಿನ ವೇಗ ಹೆಚ್ಚು ಕಡಿಮೆ ಮಾಡುವ ಸಾಧನ) ಆಗಲಿ ಕೆಲಸ ಮಾಡದೆ ಜಾಮ್ ಆಗಿರುವ ಸಾಧ್ಯತೆ ಇದೆ. ಮಾರುವವರ ಎದುರೇ ಕಡಿಮೆ ವೇಗಕ್ಕೆ ಇಳಿಸಿ ತೋರಿಸಲು ಹೇಳಿ. ಡ್ಯಾಶ್‌ಬೋರ್ಡಿನ ಮೀಟರ್ ನಂಬದೆ, ಕೈಯಲ್ಲಿ ಹಿಡಿಯುವ ಟ್ಯಾಕೋಮೀಟರ್ ಇರುವ ಮೆಕ್ಯಾನಿಕ್ಕನ್ನು ಕರೆದೊಯ್ದರೆ ಇನ್ನೂ ಒಳ್ಳೆಯದು. ಡೀಸೆಲ್ ಉಳಿಯಲಿ ಎಂದು ಎಂಜಿನ್ ಆಕ್ಸಿಲರೇಟರ್ ಇಳಿಸಿ "ನೋಡ್ರಿ, ಡ್ರಮ್ ಸ್ಲೋ ಆತು" ಎಂದರೆ ಒಪ್ಪಬೇಡಿ. ಹಾಗೆ ಮಾಡಿದರೆ ಫ್ಯಾನ್, ಜರಡಿ, ವಾಕರ್ ಎಲ್ಲವೂ ನಿಧಾನವಾಗಿ ಕಾಳು ಹಿಂದಕ್ಕೆ ಹೋಗುತ್ತದೆ.

ಡ್ರಮ್ಮಿನೊಳಗೆ ಕೈ ಹಾಕುವ ಮುನ್ನ

ಎಂಜಿನ್ ನಿಲ್ಲಿಸಿ, ಕೀ ನಿಮ್ಮ ಜೇಬಿಗೆ ಹಾಕಿಕೊಳ್ಳಿ, ಬ್ಯಾಟರಿ ವೈರ್ ಬಿಚ್ಚಿಸಿ, ಹೆಡರ್, ಅಂದರೆ ಪೀಕು ಕೊಯ್ಯುವ ಮುಂಭಾಗದ, ಕೆಳಗೆ ಮರದ ದಿಮ್ಮಿ ಕೊಡಿ. ಡ್ರಮ್ಮನ್ನು ತಿರುಗಿಸುವಾಗ ಒಬ್ಬರೇ ತಿರುಗಿಸಬೇಕು, ಇನ್ನೊಬ್ಬರ ಕೈ ಒಳಗಿರಬಾರದು. ಬೆಲ್ಟ್ ಎಳೆದು ಡ್ರಮ್ ತಿರುಗಿಸುವಾಗ ಬೆರಳು ಕಳೆದುಕೊಂಡವರು ನಮ್ಮ ಸುತ್ತಲೇ ಇದ್ದಾರೆ. ಈ ಮಾತನ್ನು ದಯವಿಟ್ಟು ಹಗುರಾಗಿ ತೆಗೆದುಕೊಳ್ಳಬೇಡಿ.

ಈಗ ಟಾರ್ಚ್ ಹಿಡಿದು ನೋಡುವುದು. ರ‍್ಯಾಸ್ಪ್ ಬಾರ್ ಆದರೆ ಹೆಬ್ಬೆರಳ ಉಗುರನ್ನು ಗೀರುಗಳ ಮೇಲೆ ಅಡ್ಡ ಎಳೆಯಿರಿ. ಏಣು ಚೂಪಾಗಿದ್ದರೆ ಉಗುರು ತಡೆಯುತ್ತದೆ, ಸವೆದಿದ್ದರೆ ಜಾರುತ್ತದೆ. ಪಟ್ಟಿಯ ನಡು ಭಾಗ ಹೆಚ್ಚು ಸವೆದು ಎರಡು ತುದಿ ಚೆನ್ನಾಗಿದ್ದರೆ ಪೀಕು ಯಾವಾಗಲೂ ನಡುವೆಯೇ ಗುಡ್ಡೆಯಾಗಿ ಒಳಗೆ ಹೋಗಿದೆ ಎಂದರ್ಥ. ಕೊಯ್ದ ಪೀಕನ್ನು ನಡುವಿಗೆ ತರುವ ಹೆಡರ್ ಆಗರ್ ಮತ್ತು ಅದನ್ನು ಡ್ರಮ್ಮಿಗೆ ಒಯ್ಯುವ ಫೀಡರ್ ಚೈನನ್ನೂ ಆಗ ಗಮನವಿಟ್ಟು ನೋಡಬೇಕು. ಪಕ್ಕಪಕ್ಕದ ಪಟ್ಟಿಗಳ ಗೀರು ಒಂದು ಎಡಕ್ಕೆ, ಇನ್ನೊಂದು ಬಲಕ್ಕೆ ಓರೆ ಇರಬೇಕು. ಎಲ್ಲವೂ ಒಂದೇ ಕಡೆ ಓರೆಯಾಗಿದ್ದರೆ ಯಾರೋ ಸಿಕ್ಕಿದ್ದನ್ನು ತಂದು ಹಾಕಿದ್ದಾರೆ. ಪೀಕೆಲ್ಲ ಒಂದೇ ಬದಿಗೆ ಸರಿಯುತ್ತದೆ. ಒಂದೇ ಒಂದು ಪಟ್ಟಿ ಹೊಸದಿದ್ದು ಉಳಿದವು ಹಳೆಯವಿದ್ದರೆ ತೂಕ ಸಮವಿಲ್ಲದೆ ಡ್ರಮ್ ಅಲ್ಲಾಡುತ್ತದೆ. ಎದುರುಬದುರಿನ ಜೋಡಿಯನ್ನು ಒಟ್ಟಿಗೇ ಬದಲಿಸುವುದು ಸರಿಯಾದ ಪದ್ಧತಿ. ಪಟ್ಟಿ ಅಥವಾ ಡ್ರಮ್ ಮೇಲೆ ವೆಲ್ಡಿಂಗ್ ಗಡ್ಡೆ ಕಂಡರೆ ಕಲ್ಲು ಹೊಕ್ಕ ಇತಿಹಾಸವಿದೆ. ಮುಂಡರಗಿ, ಶಿರಹಟ್ಟಿ ಕಡೆಯ ಮಸಾರಿ ಹೊಲಗಳಲ್ಲಿ ಹೆಸರು, ಕಡಲೆಯನ್ನು ನೆಲಮಟ್ಟಕ್ಕೆ ಕೊಯ್ದ ಮಷೀನಾಗಿದ್ದರೆ ಇದು ಅಪರೂಪವಲ್ಲ.

ಗೋವಿನಜೋಳಕ್ಕೆ ತೆಗೆದುಕೊಳ್ಳುವವರು ಇನ್ನೊಂದನ್ನು ನೋಡಬೇಕು. ಪಟ್ಟಿಗಳ ನಡುವಿನ ಸಂದು ಮುಚ್ಚುವ ತಗಡುಗಳಿರುತ್ತವೆ. ಅವಿಲ್ಲದಿದ್ದರೆ ತೆನೆ, ದಂಟು ಡ್ರಮ್ಮಿನ ಒಳಕ್ಕೆ ಹೊಕ್ಕು ಕಾಳು ಪುಡಿಯಾಗುತ್ತದೆ.

ಹಲ್ಲಿನ ರೋಟರ್ ಆದರೆ ಹಲ್ಲಿನ ಮುಂಭಾಗ, ಅಂದರೆ ಪೀಕಿಗೆ ಬಡಿಯುವ ಬದಿ, ಸವೆದು ಚಪ್ಪಟೆಯಾಗಿದೆಯೇ, ತುದಿ ತೆಳುವಾಗಿದೆಯೇ ನೋಡಿ. ಭತ್ತದ ಹುಲ್ಲಿನಲ್ಲಿ ಸಿಲಿಕಾ ಇರುವುದರಿಂದ ಉಕ್ಕನ್ನು ಅದು ಬೇಗ ತಿನ್ನುತ್ತದೆ. ಗಂಗಾವತಿ, ಸಿಂಧನೂರಿನ ಭತ್ತದ ಸೀಮೆಯಲ್ಲಿ ಹಂಗಾಮು ಹಂಗಾಮಿಗೂ ಹಗಲು ರಾತ್ರಿ ದುಡಿದ ಚೈನ್ ಮಷೀನು ಬಣ್ಣ ಬಳಿದುಕೊಂಡು ಬಂದರೂ ಹಲ್ಲು ಮಾತ್ರ ಸುಳ್ಳು ಹೇಳುವುದಿಲ್ಲ. ಹಲ್ಲು ಬೋಲ್ಟಿನಿಂದ ಕಟ್ಟಿದ್ದರೆ ಕೆಲವು ಮಾಡೆಲ್‌ಗಳಲ್ಲಿ ತಿರುಗಿಸಿ ಇನ್ನೊಂದು ಬದಿ ಬಳಸಬಹುದು. ವೆಲ್ಡ್ ಮಾಡಿದ್ದರೆ ಖರ್ಚು ಹೆಚ್ಚು.

ಆಕ್ಸಿಯಲ್‌ನಲ್ಲಿ ರೋಟರ್ ಮೇಲಿನ ಮುಚ್ಚಳದ ಒಳಮೈಯಲ್ಲಿ ಓರೆ ಪಟ್ಟಿಗಳಿರುತ್ತವೆ, ಗೈಡ್ ವೇನ್. ಪೀಕನ್ನು ಮುಂದೆ ಸಾಗಿಸುವುದು ಅವೇ. ಬಾಗಿದ್ದರೆ, ಸವೆದಿದ್ದರೆ ಪೀಕು ಒಂದೇ ಜಾಗದಲ್ಲಿ ಸುತ್ತುತ್ತಾ ಕಾಳನ್ನೂ ಡೀಸೆಲ್ಲನ್ನೂ ಹಾಳು ಮಾಡುತ್ತದೆ. ಬಹಳ ಜನ ಇದನ್ನು ನೋಡುವುದೇ ಇಲ್ಲ.

ಕಾನ್‌ಕೇವ್ ಎಲ್ಲಕ್ಕೂ ಸಾಮಾನ್ಯ. ಡ್ರಮ್ಮಿಗೂ ಅದಕ್ಕೂ ನಡುವಿನ ಗ್ಯಾಪನ್ನು ಎಡ, ಬಲ ಎರಡೂ ತುದಿಯಲ್ಲಿ, ಪೀಕು ಹೋಗುವ ಬಾಯಲ್ಲೂ ಹೊರಡುವ ಕಡೆಯಲ್ಲೂ ಅಳೆಯಿರಿ. ಬಾಯಲ್ಲಿ ಹೆಚ್ಚು, ಹೊರಡುವ ಕಡೆ ಕಡಿಮೆ ಇರುವುದು ಸರಿ. ಎಡಕ್ಕೊಂದು ಬಲಕ್ಕೊಂದು ಇದ್ದರೆ ಮೊದಲು ಅದನ್ನು ಸಮ ಮಾಡಿಸಿ ನೋಡಿ; ಆಗದಿದ್ದರೆ ಕಾನ್‌ಕೇವ್ ಬಾಗಿದೆ, ಬದಲಿಸಲೇಬೇಕು. ಗೋವಿನಜೋಳಕ್ಕೆ ಬಾಯಲ್ಲಿ 25–30 ಮಿ.ಮೀ. ಸಿಗುವಷ್ಟು ಅದು ಕೆಳಗಿಳಿಯಬೇಕು. ಕೊನೆಗೆ ಬೇರಿಂಗ್: ಕಬ್ಬಿಣದ ಹಾರೆಯಿಂದ ಡ್ರಮ್ ಶಾಫ್ಟನ್ನು ಮೀಟಿ ನೋಡಿ, ಕಟಕಟ ಎಂದರೆ ಬೇರಿಂಗ್ ಹೋಗಿದೆ. ಆಮೇಲೆ ಮುಚ್ಚಳ ಹಾಕಿ ಖಾಲಿ ಓಡಿಸಿ. ಪೂರ್ತಿ ವೇಗದಲ್ಲಿ ಡ್ರೈವರ್ ಸೀಟಿನ ಮೇಲೆ ಕೂತಾಗ ಕಾಲಿಗೆ ನಡುಕ ಬಂದರೆ ಡ್ರಮ್ಮಿನ ತೂಕ ಸಮವಿಲ್ಲ.

ಹೊಲದಲ್ಲಿ ಪರೀಕ್ಷೆ

ಶೆಡ್ಡಿನಲ್ಲಿ ನಿಂತ ಮಷೀನಿಗಿಂತ ಹಂಗಾಮಿನ ಕೊನೆಯ ವಾರದಲ್ಲಿ, ಇನ್ನೂ ಹೊಲದಲ್ಲಿ ಓಡುತ್ತಿರುವ ಮಷೀನನ್ನು ನೋಡುವುದು ಯಾವಾಗಲೂ ಮೇಲು. ಕಡಲೆ ಮಷೀನಾದರೆ ಪೀಕಿನ ತಳಿಯನ್ನೂ ಕೇಳಿಕೊಳ್ಳಿ. ಜೆಜಿ-11 ಗಿಡ್ಡ ತಳಿ, ಕಾಯಿ ನೆಲಕ್ಕೆ ಹತ್ತಿರ. ಅದರಲ್ಲಿ ಕೆಳಗೆ ಉಳಿದ ಕಾಯಿಗೆ ಡ್ರಮ್ಮನ್ನು ದೂರಬಾರದು. ಎನ್‌ಬಿಇಜಿ-47, ಜಿಬಿಎಂ-2ರಂತಹ ಎತ್ತರದ ತಳಿಗಳು ಮಷೀನ್ ಕಟಾವಿಗೆಂದೇ ಬಂದವು.

ಮಷೀನು ಪೂರ್ತಿ ವೇಗದಲ್ಲಿ ಕೊಯ್ಯುತ್ತಿರುವಾಗ ತಟ್ಟನೆ ನಿಲ್ಲಿಸಿ, ಸ್ವಲ್ಪ ಹಿಂದೆ ತೆಗೆಸಿ. ಒಂದು ಮೀಟರ್ ಉದ್ದಗಲದ ತಂತಿ ಚೌಕಟ್ಟು ಇಟ್ಟು ಮೂರು ಕಡೆ ಕಾಳು ಎಣಿಸಿ. ಕೊಯ್ಯದ ಪೀಕಿನಲ್ಲಿ ಬಿದ್ದದ್ದು ಮಷೀನಿನ ತಪ್ಪಲ್ಲ. ಹೆಡರ್ ಹಾದುಹೋಗಿ ಹುಲ್ಲು ಇನ್ನೂ ಬೀಳದ ಜಾಗದಲ್ಲಿ ಅದಕ್ಕಿಂತ ಎಷ್ಟು ಹೆಚ್ಚಿದೆಯೋ ಅದು ಹೆಡರಿನ ನಷ್ಟ. ಹಿಂದೆ ಹುಲ್ಲು ಬಿದ್ದ ಸಾಲಿನಲ್ಲಿ ಮತ್ತೆ ಹೆಚ್ಚಾದದ್ದು ಡ್ರಮ್, ವಾಕರ್, ಜರಡಿಯ ನಷ್ಟ.

ಎಕರೆಗೆ 1 ಕ್ವಿಂಟಲ್ ನಷ್ಟವೆಂದರೆ ಒಂದು ಚದರ ಮೀಟರ್‌ಗೆ ಸುಮಾರು 25 ಗ್ರಾಂ. ನೂರು ಕಾಳು 30 ಗ್ರಾಂ ತೂಗುವ ಗೋವಿನಜೋಳದಲ್ಲಿ ಅದು 80 ಕಾಳು, ನೂರು ಕಾಳು 22 ಗ್ರಾಂ ತೂಗುವ ಕಡಲೆಯಲ್ಲಿ 110 ಕಾಳು. ಆದರೆ ಗಮನಿಸಿ: 14 ಅಡಿ ಕಟರ್ ಬಾರ್‌ನಿಂದ ಕೊಯ್ದ ಪೀಕಿನ ಹುಲ್ಲೆಲ್ಲ ಹಿಂದೆ ಸುಮಾರು ಒಂದೂಕಾಲು ಮೀಟರ್ ಅಗಲದ ಸಾಲಿನಲ್ಲಿ ಬೀಳುತ್ತದೆ. ಹಾಗಾಗಿ ಆ ಸಾಲಿನಲ್ಲಿ ಎಣಿಸಿದ್ದನ್ನು 3.4ರಿಂದ ಭಾಗಿಸಬೇಕು. ಗೋವಿನಜೋಳದಲ್ಲಿ ಸಾಲಿನೊಳಗೆ 270 ಕಾಳು ಸಿಕ್ಕರೆ ಅದು ಎಕರೆಗೆ 1 ಕ್ವಿಂಟಲ್. ಅದರ ಅರ್ಧಕ್ಕಿಂತ ಹೆಚ್ಚು ಹೋಗುತ್ತಿದ್ದರೆ ಕಾರಣ ತಿಳಿಯದೆ ವ್ಯಾಪಾರಕ್ಕೆ ಕೂರಬೇಡಿ.

ಬಿದ್ದ ಕಾಳು ಯಾವ ರೂಪದಲ್ಲಿದೆ ಎನ್ನುವುದೇ ಕಾರಣ ಹೇಳುತ್ತದೆ. ಗೋವಿನಜೋಳದ ತೆನೆಯ ಬೆಂಡಿಗೆ ಅಂಟಿಕೊಂಡ ಕಾಳು, ಒಡೆಯದ ಕಾಯಿ ಕಂಡರೆ ಡ್ರಮ್ ಸವೆದಿದೆ ಅಥವಾ ಗ್ಯಾಪ್ ಹೆಚ್ಚಿದೆ. ಉದ್ದ ಹುಲ್ಲಿನೊಳಗೆ ಬಿಡಿ ಕಾಳು ಸಿಕ್ಕರೆ ವಾಕರ್ ಸೋತಿದೆ, ಇಲ್ಲವೇ ಜಾಲರಿ ಕಟ್ಟಿಕೊಂಡಿದೆ. ಸಣ್ಣ ಹೊಟ್ಟಿನಲ್ಲಿ ಬಿಡಿ ಕಾಳು ಇದ್ದರೆ ಜರಡಿ, ಫ್ಯಾನ್ ಹೊಂದಾಣಿಕೆಯ ಮಾತು. ಅಷ್ಟಕ್ಕೇ ಮಷೀನು ಬೇಡವೆನ್ನಬೇಕಿಲ್ಲ.

ಆಮೇಲೆ ಟ್ಯಾಂಕ್ ಹತ್ತಿ ಕೈ ತುಂಬ ಕಾಳು ತೆಗೆದು ನೂರು ಎಣಿಸಿ, ಒಡೆದದ್ದು, ಬಿರುಕು ಬಿಟ್ಟದ್ದು ಬೇರೆ ಮಾಡಿ. ಒಡಕು ಹೆಚ್ಚಿದ್ದರೆ ಡ್ರಮ್ ವೇಗ ಇಳಿಸಿ ಮತ್ತೆ ಕೊಯ್ಯಿಸಿ. ಆಗ ಒಡಕು ಕಡಿಮೆಯಾಗಿ ಕಾಳೂ ಬಿಟ್ಟರೆ ಮಷೀನು ಸರಿಯಾಗಿದೆ, ಡ್ರೈವರ್ ತಪ್ಪು. ವೇಗ ಇಳಿಸಿದ ಕೂಡಲೇ ಕಾಯಿ ಒಡೆಯದೆ ಹೋದರೆ ಪಟ್ಟಿ ಸವೆದದ್ದನ್ನು ವೇಗದಿಂದ ಮುಚ್ಚಿಕೊಂಡಿದ್ದರು ಎಂದು ತಿಳಿಯಿರಿ. ಇಡೀ ಪರೀಕ್ಷೆಯಲ್ಲಿ ನಾನು ಅತಿ ಹೆಚ್ಚು ನಂಬುವುದು ಇದನ್ನೇ. ಸಾಧ್ಯವಾದರೆ ಬೆಳಿಗ್ಗೆ ಇಬ್ಬನಿ ಆರಿದ ಮೇಲೊಮ್ಮೆ, ಮಧ್ಯಾಹ್ನ ಬಿಸಿಲೇರಿದಾಗ ಇನ್ನೊಮ್ಮೆ ನೋಡಿ. ತೇವ ಬದಲಾದಂತೆ ಫಲಿತಾಂಶವೂ ಬದಲಾಗುತ್ತದೆ.

ಬೆಲೆ ಮತ್ತು ಕಾಗದ

ರೇಟು ಮಾತಾಡುವ ಮೊದಲೇ ಆ ಮಾಡೆಲ್‌ನ ರ‍್ಯಾಸ್ಪ್ ಬಾರ್ ಪೂರ್ತಿ ಸೆಟ್ ಅಥವಾ ಹಲ್ಲಿನ ಸೆಟ್, ಕಾನ್‌ಕೇವ್, ಡ್ರಮ್ ಬೇರಿಂಗ್, ಕೂಲಿ ಸೇರಿ ಎಷ್ಟಾಗುತ್ತದೆ ಎಂದು ಹುಬ್ಬಳ್ಳಿಯ ಬಿಡಿಭಾಗದ ಅಂಗಡಿಯಲ್ಲಿ ಬರೆಸಿಕೊಂಡು ಬನ್ನಿ. ಸವೆತ ತೋರಿಸಿ, ಆ ಚೀಟಿ ಮುಂದಿಟ್ಟು ಅಷ್ಟನ್ನು ಕಡಿಮೆ ಮಾಡಿ ಎಂದರೆ ಮಾತು ಬೇಗ ಮುಗಿಯುತ್ತದೆ. ಬಿಡಿಭಾಗ ಎಷ್ಟು ದಿನಕ್ಕೆ ಸಿಗುತ್ತದೆ ಎಂದೂ ಅಲ್ಲೇ ಕೇಳಿ. ಹಂಗಾಮಿನ ನಡುವೆ ವಾರಗಟ್ಟಲೆ ಕಾಯಬೇಕಾದ ರೋಟರ್ ಎಷ್ಟು ಒಳ್ಳೆಯದಾದರೂ ಹಳೆಯದರಲ್ಲಿ ಕೊಳ್ಳುವುದು ಬೇಡ.

ಹೊರ ರಾಜ್ಯದ ನೋಂದಣಿಯಿದ್ದರೆ ಅಲ್ಲಿನ ಆರ್‌ಟಿಒದಿಂದ ಫಾರ್ಮ್ 28ರ ಎನ್‌ಒಸಿ, ಹೆಸರು ವರ್ಗಾವಣೆಗೆ ಫಾರ್ಮ್ 29 ಮತ್ತು 30, ಬ್ಯಾಂಕ್ ಸಾಲ ತೀರಿದ್ದಕ್ಕೆ ಫಾರ್ಮ್ 35 ಬೇಕು. ಎಂಜಿನ್, ಚಾಸಿ ನಂಬರನ್ನು ಆರ್‌ಸಿಯ ಜೊತೆ ನೀವೇ ತಾಳೆ ನೋಡಿ. ಸಬ್ಸಿಡಿಯಲ್ಲಿ ಬಂದ ಮಷೀನಾದರೆ ಇಂತಿಷ್ಟು ವರ್ಷ ಮಾರಬಾರದೆಂಬ ಷರತ್ತು ಇರಬಹುದು. ಆ ತಾಲ್ಲೂಕಿನ ಸಹಾಯಕ ಕೃಷಿ ನಿರ್ದೇಶಕರ ಕಚೇರಿಯಲ್ಲಿ ವಿಚಾರಿಸದೆ ಅಡ್ವಾನ್ಸ್ ಕೊಡಬೇಡಿ.

ಅಡ್ವಾನ್ಸ್ ಚೀಟಿಯಲ್ಲಿ ಬರೀ ಮೊತ್ತ ಬರೆದರೆ ಸಾಲದು. ಕಡಿಮೆ ವೇಗದ ಪುಲ್ಲಿ, ಅದರ ಬೆಲ್ಟ್, ಗೋವಿನಜೋಳದ ಹೆಡರ್, ಡ್ರಮ್ಮಿನ ಸಂದು ಮುಚ್ಚುವ ತಗಡು, ಬದಲಿ ಡ್ರಮ್ ಇದ್ದರೆ ಅದು ಮತ್ತು ಅದರ ಕಾನ್‌ಕೇವ್, ಬೇರೆ ಬೇರೆ ಜರಡಿಗಳು, ಹೆಡರ್ ಟ್ರಾಲಿ, ಹೀಗೆ ಮಷೀನಿನ ಜೊತೆ ಬರಬೇಕಾದ ಒಂದೊಂದು ಸಾಮಾನನ್ನೂ ಹೆಸರು ಹಿಡಿದು ಬರೆಸಿ, ಇಬ್ಬರು ಸಾಕ್ಷಿಗಳ ಸಹಿ ಹಾಕಿಸಿ. ಲಾರಿಗೆ ಏರಿಸುವ ದಿನ ಆ ಚೀಟಿ ಹಿಡಿದುಕೊಂಡೇ ಎಣಿಸಿಕೊಳ್ಳಿ.